ಗೆದ್ದ ಆಟವೂ ಸೋರುವ ಮಾಳಿಗೆಯೂ

ಈ ಪುಟದಲ್ಲಿ ಶಬ್ದಗಳ ವಿಚಾರವನ್ನೋ, ಹಬ್ಬಹರಿದಿನಗಳ ವಿಚಾರವನ್ನೋ, ಮನೆವಾರ್ತೆಗೆ ಸಂಬಂಧಪಟ್ಟ ಒಂದೆರಡು ನೀತಿಯ ಮಾತುಗಳನ್ನೋ ಬರೆಯುವುದು ನನ್ನ ವಾಡಿಕೆ. ಈ ತಿಂಗಳು ಚೆಂಡುದಾಂಡಿನ ಆಟವನ್ನೂ ಅದಕ್ಕಂಟಿಕೊಂಡ ಒಂದು ಹಾಡನ್ನೂ ಕುರಿತು ಬರೆಯಹೊರಟಿರುವೆನೆಂದರೆ, “ಪಿಂಚಣಿ ಬಂದ ಮೇಲೆ ಮಾಸ್ತರರ ಬುದ್ಧಿ ಸಡಿಲವಾಯಿತೇ?” ಎಂದು ವಾಚಕರು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಿ ನಗಬೇಕೆಂದು ಮಾತ್ರ ನನ್ನ ವಿಜ್ಞಾಪನೆ.

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಜನರಿಗೆ ‘ತಿರುಗಾಟ’ವೆಂದರೇನೆಂದು ಹೇಳಿಕೊಡಬೇಕಾದುದಿಲ್ಲ. ದೀಪಾವಳಿಯ ಸುಮಾರಿಗೆ ಗೆಜ್ಜೆ ಕಟ್ಟಿದ ಯಕ್ಷಗಾನದ ಮೇಳವು ಊರೂರು ಸುತ್ತಿ, ಮಳೆಗಾಲವು ಸಮೀಪಿಸಲು ಗೆಜ್ಜೆ ಬಿಚ್ಚುವುದು. ಆ ಆರು ತಿಂಗಳು ಗದ್ದೆಯ ಬದುವಿನ ಮೇಲೆ ಸೂಡಿ ಹಿಡಿದು ಮೇಳದ ಹಿಂದೆ ಹೋಗುತ್ತಿದ್ದವರನ್ನು ನಾನು ಬಾಲ್ಯದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಈಗಿನ ಹುಡುಗರಿಗೂ ಅಂಥದೊಂದು ತಿರುಗಾಟವುಂಟು. 2008ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗ್ ಎಂಬುದೇ ಅದು. ಮೇಳದ ಯಜಮಾನನು ಒಳ್ಳೆಯ ವೇಷಧಾರಿಗೆ ಮುಂಗಡ ಕೊಟ್ಟು ಒಪ್ಪಿಸುವಂತೆ ಇಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವರು. ಊರಿಂದೂರಿಗೆ ಹೋಗಿ ರಾತ್ರಿಯ ದೀಪದಲ್ಲಿ ಆಡುವರು. ಭೇದವಿಷ್ಟೇ: ಯಕ್ಷಗಾನದಲ್ಲಿ ಗೆಲ್ಲುವವರಾರೆಂಬುದು ವ್ಯಾಸರಿಂದ ನಿಶ್ಚಿತವಾಗಿರುವುದು, ಇಲ್ಲಿ ಹಾಗಿಲ್ಲ.

ಹಾಗಿಲ್ಲವೆಂದೆನಷ್ಟೆ? ಬೆಂಗಳೂರಿನ ತಂಡವಾದ ರಾಯಲ್ ಚಾಲೆಂಜರ್ಸಿನ ಮಟ್ಟಿಗೆ ಅದೂ ನಿಶ್ಚಿತವೆಂದೇ ಬಹುಕಾಲ ತೋರುತ್ತಿತ್ತು. 2008ರ ಏಪ್ರಿಲ್ 18ರಂದು ಈ ಲೀಗಿನ ಮೊಟ್ಟಮೊದಲ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ನನ್ನ ಮಗನಿಗೆ ಆಗ ಹತ್ತು ವರ್ಷ. ತೆಂಗಿನ ಮಡಲಿನ ಬುಡವನ್ನು ಕೆತ್ತಿ ದಾಂಡು ಮಾಡಿಕೊಂಡು ಅಂಗಳದಲ್ಲಿ ಆಡುತ್ತಿದ್ದ ಹುಡುಗನು, ನಮ್ಮ ರಾಹುಲ್ ದ್ರಾವಿಡರು ನಾಯಕರೆಂಬ ಅಭಿಮಾನದಿಂದ ದೂರದರ್ಶನದ ಮುಂದೆ ಕುಳಿತನು. ಕೋಲ್ಕತ್ತದ ಪರವಾಗಿ ಬ್ರೆಂಡನ್ ಮೆಕಲಮ್ ಎಂಬ ಒಬ್ಬನೇ 158 ಓಟ ಹೊಡೆದನು. ನಮ್ಮವರೆಲ್ಲರೂ ಕೂಡಿ 82ಕ್ಕೆ ಮುಗಿದರು. ಹುಡುಗನು ಉಣ್ಣದೆ ಮಲಗಿದನು. ಅವನನ್ನು ಸಮಾಧಾನಪಡಿಸಲೆಂದು ಮುಂದಿನ ಪಂದ್ಯಕ್ಕೆ ನಾನೂ ಪಕ್ಕದಲ್ಲಿ ಕುಳಿತೆನು. ಕೆಸರಿನಲ್ಲಿ ಬಿದ್ದವನನ್ನು ಎತ್ತಲು ಹೋದವನು ತಾನೂ ಬಿದ್ದ ಹಾಗೆ, ಅಂದಿನಿಂದ ನಾನೂ ಸಿಕ್ಕಿಬಿದ್ದೆನು.

ಮುಂದಿನ ಕಥೆಯನ್ನು ವಿಸ್ತರಿಸುವುದಿಲ್ಲ. 2009ರಲ್ಲಿ ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ 6 ಓಟಗಳ ಸೋಲು. 2011ರಲ್ಲಿ ಚೆನ್ನೈಯಲ್ಲಿ 58 ಓಟಗಳ ಸೋಲು. 2016ರಲ್ಲಿ ತಮ್ಮದೇ ಅಂಗಳದಲ್ಲಿ 8 ಓಟಗಳ ಸೋಲು. ಆ ವರ್ಷ ವಿರಾಟ್ ಕೊಹ್ಲಿಯವರೊಬ್ಬರೇ 973 ಓಟ ಗಳಿಸಿದ್ದರೂ ಕಪ್ಪು ಬರಲಿಲ್ಲ. ಮರುವರ್ಷ ಒಂದು ಪಂದ್ಯದಲ್ಲಿ ಇಡೀ ತಂಡವು 49ಕ್ಕೆ ಮುಗಿಯಿತು. ಕರ್ಣಪರ್ವದ ಆಟಕ್ಕೆ ಹೋದವನಿಗೆ ರಥದ ಗಾಲಿ ಹೂಳುವುದೆಂದು ಗೊತ್ತು. ಆದರೂ ಬೆಳಗಿನ ಜಾವದವರೆಗೆ ಎದ್ದಿದ್ದು, ಈ ರಾತ್ರಿ ಹೂಳದಿರಬಾರದೇ ಎಂದು ಒಳಗೊಳಗೇ ಹಾರೈಸುವನು. ನಮ್ಮ ಅವಸ್ಥೆಯೂ ಅದೇ ಆಗಿತ್ತು.

ಇನ್ನು ಹಾಡಿನ ವಿಷಯ. ಮಗನು ಓದು ಮುಗಿಸಿ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದನು. ನಮ್ಮ ಸಂಭಾಷಣೆಯು “ಊಟವಾಯಿತೇ?” “ಆಯಿತು ಅಪ್ಪಯ್ಯ” ಎಂಬಲ್ಲಿಗೆ ಮುಗಿಯತೊಡಗಿತು. ತಂದೆಮಕ್ಕಳಲ್ಲಿ ಪ್ರೀತಿ ಬತ್ತಿದುದರಿಂದಲ್ಲ; ಮಾತಿಗೆ ನೆಪ ಬತ್ತಿದುದರಿಂದ. ಹೀಗಿರುವಾಗ ಒಂದು ಸೋಲಿನ ರಾತ್ರಿ ಅವನಿಂದ ಮೊಬೈಲಿಗೆ ಒಂದು ಹಾಡು ಬಂದಿತು. ಅದರೊಡನೆ ಒಂದಕ್ಷರವೂ ಇರಲಿಲ್ಲ. ಗಿಟಾರು, ಡ್ರಮ್ಮುಗಳ ಭಾರಿ ಸದ್ದು. ಅದರ ನಡುವೆ ಕಿವಿಗೊಟ್ಟರೆ, ನನಗೆ ಚಿಕ್ಕಂದಿನಿಂದ ಪರಿಚಿತವಾದ ಪದ! ಶಿಶುನಾಳ ಶರೀಫ ಸಾಹೇಬರ ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ತತ್ತ್ವಪದವನ್ನು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಎಂಬ ಗಾಯಕರು ರಾಕ್ ಸಂಗೀತದ ಧಾಟಿಯಲ್ಲಿ ಹಾಡಿದ್ದು. ಅದು ಅವರ ಮೊದಲ ಧ್ವನಿಸಂಪುಟದಲ್ಲಿ, ಲೀಗು ಹುಟ್ಟಿದ 2008ರಲ್ಲಿಯೇ, ಬಂದುದಾಗಿತ್ತು.

“ರಾಕ್ ಎಂದರೆ ಬಂಡೆಯಲ್ಲವೇನೋ? ತಲೆಯ ಮೇಲೆ ಬಿದ್ದಂತೆಯೇ ಇದೆ” ಎಂದು ನಾನು ಕೇಳಿದೆ. “ತೂಗುವುದು ಎಂಬರ್ಥವೂ ಉಂಟು ಅಪ್ಪಯ್ಯ. ತೊಟ್ಟಿಲು ತೂಗುವುದಕ್ಕೂ ಅದೇ ಶಬ್ದ” ಎಂದನು. ಸಂಸ್ಕೃತದ ಧಾತುಪಾಠವನ್ನು ಉರುಹೊಡೆದ ನನಗೆ ಈ ಸಮಾಧಾನ ಸಾಕಾಯಿತು. ಸಿ. ಅಶ್ವತ್ಥರ ಕಂಠದಿಂದ ಶರೀಫರ ಪದಗಳು ಮನೆಮನೆಯನ್ನು ಮುಟ್ಟಿದ ಕಾಲವನ್ನು ಕಂಡವನು ನಾನು. ನನ್ನ ಮಗನ ಓರಗೆಯವರನ್ನು ಅವು ಈ ದಾರಿಯಿಂದ ಮುಟ್ಟಿದರೆ ಮುಟ್ಟಲಿ. ಪಾತ್ರೆ ಬದಲಾದ ಮಾತ್ರಕ್ಕೆ ಪಾಯಸ ಕೆಡುವುದೇ?

ಶರೀಫರು 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟವರು. ಮುಸಲ್ಮಾನ ಮನೆತನದ ಅವರಿಗೆ ಕಳಸದ ಗೋವಿಂದ ಭಟ್ಟರು ಗುರುಗಳು. ಕೆಲಕಾಲ ಶಾಲಾಮಾಸ್ತರಿಕೆಯನ್ನೂ ಮಾಡಿದವರಾದುದರಿಂದ ನನಗೆ ಅವರಲ್ಲಿ ವೃತ್ತಿಬಾಂಧವ್ಯದ ಸಲಿಗೆ. ಅವರ ಸೀಮೆಯಲ್ಲಿ ಮಾಳಿಗೆಯೆಂದರೆ ಮಣ್ಣು ಮೆತ್ತಿದ ಸಮತಟ್ಟಾದ ಮೇಲ್ಛಾವಣಿ. ವರ್ಷವರ್ಷವೂ ಮಣ್ಣು ಹಾಕಿ ಬಡಿದು ಗಟ್ಟಿ ಮಾಡದಿದ್ದರೆ ಸೋರುವುದು. ನಮ್ಮದು ಇಳಿಜಾರಾದ ಹಂಚಿನ ಮಾಡು. ಒಡೆದ ಹಂಚು ತೆಗೆದು, ಹುಳ ಹಿಡಿದ ರೀಪು ಬದಲಿಸದಿದ್ದರೆ ಇದೂ ಸೋರುವುದು. ಸೋರುವ ರೀತಿ ಬೇರೆ, ಕಾರಣವೊಂದೇ. ಆ ಕಾರಣವನ್ನು ಶರೀಫರು ಅಜ್ಞಾನವೆಂದು ಕರೆದರು. ಮನೆಯೆಂದರೆ ಈ ಶರೀರ. ಸರಿಪಡಿಸುವವರಿಲ್ಲ, ಕತ್ತಲೆಯಲ್ಲಿ ಮೇಲೇರಲು ಧೈರ್ಯವಿಲ್ಲ ಎಂಬುದು ಪದದ ತಾತ್ಪರ್ಯ.

ಅಷ್ಟು ಗಹನವಾದ ಪದವನ್ನು ನಮ್ಮ ಹುಡುಗನು ಚೆಂಡೆಸೆತಗಾರರ ಕೈಯಿಂದ ಸೋರಿಹೋಗುವ ಓಟಗಳಿಗೆ ಅನ್ವಯಿಸಿದ್ದನು. ಅಂದಿನಿಂದ ಅದೇ ಕ್ರಮವಾಯಿತು. ಸೋತ ರಾತ್ರಿ ಅಲ್ಲಿಂದ ಹಾಡು ಬರುವುದು. ಮರುದಿನ ಬೆಳಿಗ್ಗೆ ನಾನು ಕರೆ ಮಾಡುವುದು. ಅರ್ಧ ಗಂಟೆ ಆಟದ ವಿಮರ್ಶೆ. ನಡುನಡುವೆ ಅವನ ಕೆಲಸ, ಬಾಡಿಗೆಯ ಮನೆ, ಆರೋಗ್ಯ ಇತ್ಯಾದಿಗಳೂ ತಾವಾಗಿ ಹೊರಬೀಳುವುವು. “ಇವರು ಸೋಲುತ್ತಿದ್ದರೇನೇ ನಮ್ಮ ಮನೆಗೆ ಕ್ಷೇಮ, ಗೆದ್ದರೆ ಮಗ ಮಾತನಾಡುವುದೇ ಇಲ್ಲ” ಎಂದು ನಮ್ಮ ಮನೆಯಾಕೆ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ತಂಡದ ಅಭಿಮಾನಿಗಳಲ್ಲಿ “ಈ ಸಲ ಕಪ್ ನಮ್ದೇ” ಎಂಬ ಘೋಷವಾಕ್ಯವೊಂದುಂಟು. ವ್ಯಾಕರಣದ ಮಾಸ್ತರನಾದ ನಾನು ಅದನ್ನು ಬಿಡಿಸಿ ನೋಡದಿರಲಾರೆ. ‘ಈ ಸಲ’ ಎಂಬಲ್ಲಿ ಹಿಂದಿನ ಸಲಗಳ ಸೋಲು ಅಡಗಿರುವುದು. ‘ನಮ್ದೇ’ ಎಂಬ ಅವಧಾರಣೆಯ ಏಕಾರದಲ್ಲಿ ಸ್ವಲ್ಪ ಸಂದೇಹ ಅಡಗಿರುವುದು. ನಿಶ್ಚಯವಿದ್ದವನು ಅವಧಾರಣೆ ಮಾಡುವುದಿಲ್ಲ. ತನ್ನ ಮನೆಯ ಬಾಗಿಲಲ್ಲಿ ನಿಂತು “ಈ ಮನೆ ನನ್ನದೇ” ಎಂದು ಯಾರೂ ಕೂಗುವುದಿಲ್ಲವಷ್ಟೆ. ಯಜ್ಞದಲ್ಲಿ ಆಹುತಿ ಕೊಡುವಾಗ ‘ನ ಮಮ’, ಎಂದರೆ ‘ನನ್ನದಲ್ಲ’, ಎನ್ನುವುದು ಪದ್ಧತಿ. ‘ನಮ್ಮ’ ಎಂಬ ಕನ್ನಡಕ್ಕೂ ‘ನ ಮಮ’ ಎಂಬ ಸಂಸ್ಕೃತಕ್ಕೂ ಕಿವಿಗೆ ಕೂದಲೆಳೆಯ ಅಂತರ, ಅರ್ಥಕ್ಕೆ ಗಾವುದದ ಅಂತರ ಎಂದು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆನು. ಆ ನಗೆಯೊಳಗೂ ಒಂದು ಪಾಠವಿದ್ದಿತೆಂಬುದು ನನಗೆ ತಿಳಿದುದು 2025ರಲ್ಲಿ.

ಆ ವರ್ಷದ ತಿರುಗಾಟ ವಿಚಿತ್ರವಾಗಿತ್ತು. ಬೆಂಗಳೂರಿನಲ್ಲಿ ಆಡಿದ ಮೊದಲ ಮೂರು ಪಂದ್ಯಗಳನ್ನೂ ನಮ್ಮವರು ಸೋತರು. ಪರಸ್ಥಳಗಳಲ್ಲಿ ಆಡಿದ ಏಳಕ್ಕೆ ಏಳನ್ನೂ ಗೆದ್ದರು. ಮನೆಯ ಮಾಳಿಗೆಯೇ ಸೋರುವುದು, ನೆಂಟರ ಮನೆಯಲ್ಲಿ ಸುಖನಿದ್ರೆ! ಮೇ ತಿಂಗಳಲ್ಲಿ ಗಡಿಯ ಸಂಘರ್ಷದಿಂದ ಲೀಗು ಒಂದು ವಾರಕ್ಕೂ ಮಿಕ್ಕಿ ನಿಂತು, ಅಂತಿಮ ಪಂದ್ಯ ಜೂನ್ 3ಕ್ಕೆ ಹೋಯಿತು. ಮುಂಗಾರು ಮಾತ್ರ ಯಾರಿಗೂ ಕಾಯಲಿಲ್ಲ. ಮೇ 24ರಂದೇ ಕೇರಳವನ್ನು ಮುಟ್ಟಿದ ಮಳೆ ಕೂಡಲೇ ನಮ್ಮ ಕರಾವಳಿಗೂ ಏರಿಬಂದಿತು. ಹಂಚಿನ ಕೆಲಸವನ್ನು, “ಜೂನ್ ಮೊದಲ ವಾರಕ್ಕಲ್ಲವೇ ಮಳೆ? ಪಂದ್ಯಗಳು ಮುಗಿಯಲಿ” ಎಂದು ನಾನು ಮುಂದೂಡಿದ್ದೆನು. ಫಲವಾಗಿ ಅಡುಗೆಮನೆಯಲ್ಲಿ ಮೂರು ಕಡೆ ಪಾತ್ರೆ ಇಡಬೇಕಾಯಿತು. ಮನೆಯಾಕೆ ಏನೂ ಅನ್ನಲಿಲ್ಲ. ಶರೀಫರ ಪದವನ್ನು ಗುನುಗಿದಳು, ಅಷ್ಟೆ.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು 190, ಪಂಜಾಬು 184. ಹದಿನಾರು ವರ್ಷದ ಹಿಂದೆ ಯಾವ 6 ಓಟಗಳಿಂದ ಸೋತಿದ್ದೆವೋ ಅದೇ 6 ಓಟಗಳಿಂದ ಗೆಲುವು! ಆರಂಭದಿಂದಲೂ ಇದೇ ತಂಡದಲ್ಲಿದ್ದ ಕೊಹ್ಲಿಯವರು ಆಟ ಮುಗಿಯುವ ಮೊದಲೇ ಮೈದಾನದಲ್ಲಿ ಕಣ್ಣೊರೆಸಿಕೊಂಡರು. ಲೀಗಿನ ಹದಿನೆಂಟನೆಯ ವರ್ಷ. ಅವರ ಅಂಗಿಯ ಅಂಕೆಯೂ ಹದಿನೆಂಟು. ಹದಿನೆಂಟು ಪರ್ವ, ಹದಿನೆಂಟು ದಿನದ ಯುದ್ಧ ಎಂದು ನಾನು ಲೆಕ್ಕ ಹಾಕುತ್ತಿದ್ದಾಗಲೇ ಮಗನ ಕರೆ ಬಂದಿತು. ನಮ್ಮ ಕೇರಿಯ ಹುಡುಗರೂ ನೆರೆಕೇರಿಯ ಸಾಹೇಬರ ಮಕ್ಕಳೂ ಮಳೆಯಲ್ಲಿಯೇ ಕೂಡಿ ಕುಣಿಯುತ್ತಿದ್ದ ಗದ್ದಲದಲ್ಲಿ ಅವನ ಮಾತು ಅರ್ಧ ಕೇಳಿಸಿತು. “ನಾಳೆ ತಂಡ ಇಲ್ಲಿಗೆ ಬರುತ್ತದೆ ಅಪ್ಪಯ್ಯ, ಹೋಗಿ ನೋಡಿ ಬರುತ್ತೇನೆ” ಎಂದನು. “ಹೋಗಿ ಬಾ, ನನ್ನ ಪಾಲಿನದನ್ನೂ ನೋಡಿ ಬಾ” ಎಂದೆನು. ಹದಿನೆಂಟು ದಿನದ ಯುದ್ಧ ಗೆದ್ದ ರಾತ್ರಿಯೇ ಸೌಪ್ತಿಕಪರ್ವ, ಅದರ ಮುಂದೆ ಸ್ತ್ರೀಪರ್ವದ ಶೋಕ ಎಂಬುದು, ಮೂವತ್ತು ವರ್ಷ ಪಾಠ ಹೇಳಿದವನಿಗೆ, ಆಗ ನೆನಪಾಗಲಿಲ್ಲ.

ಮರುದಿನ ನಡೆದುದನ್ನು ವಾಚಕರು ಬಲ್ಲರು. ಸುಮಾರು 35,000 ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು; ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದುವು. ಬಹುತೇಕ ಎಳೆಯ ವಯಸ್ಸಿನವರು. ಹಿಂದಿನ ರಾತ್ರಿ “ಕಪ್ ನಮ್ದೇ” ಎಂದು ಕುಣಿದ ಮಕ್ಕಳು. ಸಂಜೆ ದೂರದರ್ಶನದಲ್ಲಿ ಸುದ್ದಿ ಬಂದಾಗ ನಾನು ಮಗನಿಗೆ ಕರೆ ಮಾಡಿದೆನು, ತಾಗಲಿಲ್ಲ. ಮತ್ತೆ ಮಾಡಿದೆನು. ಮನೆಯಾಕೆ ದೇವರ ಮುಂದೆ ದೀಪ ಹಚ್ಚಿ ಅಲ್ಲಿಯೇ ಕುಳಿತಳು. ಅಡುಗೆಮನೆಯ ಪಾತ್ರೆಗಳಲ್ಲಿ ನೀರು ತೊಟ್ಟಿಕ್ಕುವುದು ಹೊರತು ಮನೆಯಲ್ಲಿ ಬೇರೆ ಶಬ್ದವಿರಲಿಲ್ಲ. “ಹೋಗಿ ಬಾ” ಎಂದವನು ನಾನೇ ಅಲ್ಲವೇ? ಎರಡು ಗಂಟೆ ಕಳೆಯಿತು. ಆ ಎರಡು ಗಂಟೆಗಳನ್ನು ಬರೆಯಲು ನನ್ನಲ್ಲಿ ಶಬ್ದಗಳಿಲ್ಲ.

ರಾತ್ರಿ ಎಂಟರ ಮೇಲೆ ಮೊಬೈಲು ಮಿಂಚಿತು. ಮಾತಿಲ್ಲ, ಅದೇ ಹಾಡು. ಗೆದ್ದ ಮರುದಿನ ಬಂದ ಸೋಲಿನ ಹಾಡು. ಹುಡುಗನು ಬದುಕಿರುವನೆಂಬ ಅರ್ಥವೊಂದನ್ನು ಬಿಟ್ಟು ಅದರಲ್ಲಿ ಬೇರಾವ ಅರ್ಥವೂ ಆ ಕ್ಷಣಕ್ಕೆ ನಮಗೆ ಬೇಕಿರಲಿಲ್ಲ. ಬಳಿಕ ಕರೆ ಮಾಡಿದನು. ಕಬ್ಬನ್ ಉದ್ಯಾನದ ಬಳಿಯವರೆಗೆ ಹೋಗಿ, ಕಾಲಿಡಲು ನೆಲವಿಲ್ಲದ ಸಂದಣಿಯನ್ನು ಕಂಡು ಹೆದರಿ ಹಿಂದಿರುಗಿದ್ದನಂತೆ. ಮೊಬೈಲಿನ ವಿದ್ಯುತ್ತು ಮುಗಿದಿತ್ತಂತೆ. “ಮಾಳಿಗಿ ಸೋರಿತು ಅಪ್ಪಯ್ಯ” ಎಂದನು; ಮುಂದೆ ಮಾತನಾಡಲಾರದೆ ಹೋದನು.

ದೋಷ ಯಾರದೆಂಬುದನ್ನು ವಿಚಾರಿಸುವುದಕ್ಕೆ ನ್ಯಾಯಸ್ಥಾನಗಳುಂಟು. ಈ ಪುಟ ಅದಕ್ಕೆ ಸ್ಥಳವಲ್ಲ. ನಾನು ಹೇಳತಕ್ಕ ಮಾತು ಇಷ್ಟೇ: ‘ನಮ್ಮದು’ ಎನ್ನುವುದು ಹಕ್ಕಿನ ಮಾತೆಂದು ನಾವು ತಿಳಿದಿದ್ದೇವೆ, ವಾಸ್ತವದಲ್ಲಿ ಅದು ಹೊಣೆಯ ಮಾತು. ಮನೆ ನಮ್ಮದೆಂದವನು ಮಳೆಗೆ ಮೊದಲು ಏಣಿ ಹಾಕಿ ಮಾಡು ಹತ್ತಬೇಕು. ಮಗ ನಮ್ಮವನೆಂದವನು “ಹೋಗಿ ಬಾ” ಎನ್ನುವಾಗ “ಸಂದಣಿಯಿದ್ದರೆ ಹಿಂದಿರುಗು” ಎಂಬುದನ್ನೂ ಕೂಡಿಸಿ ಹೇಳಬೇಕು. ಗೆಲುವು ನಮ್ಮದೆಂದವರು ಅದನ್ನು ನೋಡಬಂದ ಮಕ್ಕಳೂ ನಮ್ಮವರೆಂದು ಬಾಗಿಲು, ದಾರಿ, ಎಣಿಕೆಗಳನ್ನು ಮೊದಲೇ ಯೋಚಿಸಿರಬೇಕು. ಸೋಲನ್ನು ತಾಳುವುದಕ್ಕೆ ಹದಿನೇಳು ವರ್ಷ ಕಲಿತೆವು. ಗೆಲುವನ್ನು ತಾಳುವುದಕ್ಕೆ ಒಂದು ದಿನವೂ ಕಲಿತಿರಲಿಲ್ಲ. ಶರೀಫರು ಅಜ್ಞಾನವೆಂದುದು ಇದನ್ನೇ ಇರಬೇಕು.

ಆ ವರ್ಷ ಚೌತಿಗೆ ಮಗನು ಊರಿಗೆ ಬಂದಾಗ ಮಳೆ ಹೊಳವಾದ ಒಂದು ಮಧ್ಯಾಹ್ನ ನಾವಿಬ್ಬರೂ ಮಾಡಿಗೆ ಏಣಿ ಹಾಕಿದೆವು. ಅವನು ಮೇಲೆ, ನಾನು ಕೆಳಗಿನಿಂದ ಹಂಚು ಎತ್ತಿಕೊಡುವವನು. ಆಟದ ಮಾತು ಬಂದಿತು. ಕಪ್ಪಿನ ಮಾತು ಬರಲಿಲ್ಲ. ಅಡುಗೆಮನೆಯ ಮೂರನೆಯ ಪಾತ್ರೆಯನ್ನೂ ತೆಗೆದಿಟ್ಟು ಮನೆಯಾಕೆ ಚಹಕ್ಕೆ ಕರೆದಳು.

ವಾಚಕರ ಮನೆಗಳಲ್ಲಿಯೂ ದೂರವಿರುವ ಮಕ್ಕಳಿರಬಹುದು. ಅವರೊಡನೆ ಕೂಡಿ ಯಾವುದಾದರೊಂದು ಆಟವನ್ನೋ ಹಾಡನ್ನೋ ಹಿಂಬಾಲಿಸಿರಿ; ಗೆಲುವಿಗಾಗಿ ಅಲ್ಲ, ಮಾತಿನ ನೆಪಕ್ಕಾಗಿ. ಹಂಚಿನ ಕೆಲಸವನ್ನು ಮಾತ್ರ ಏಪ್ರಿಲ್ ಮುಗಿಯುವುದರೊಳಗೆ ಮಾಡಿಸಿರಿ.