ಮಹಾರಾಜರ ರೂಪಾಯಿ ಯಾವುದು?

ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆಂದು ಪೆಟ್ಟಿಗೆಯಿಂದ ಬೆಳ್ಳಿಯ ನಾಣ್ಯಗಳನ್ನು ತೆಗೆಯುವುದುಂಟು. "ಇದು ಮಹಾರಾಜರ ರೂಪಾಯಿ" ಎಂದು ಹಿರಿಯರು ಮಕ್ಕಳಿಗೆ ತೋರಿಸುತ್ತಾರೆ. ನೋಡಿದರೆ ಅದರ ಮೇಲಿರುವುದು ವಿಕ್ಟೋರಿಯಾ ರಾಣಿಯ ಮುಖ, ಇಲ್ಲವೆ ಐದನೆಯ ಜಾರ್ಜನ ಮುಖ! ಅದೇ ಪೆಟ್ಟಿಗೆಯಲ್ಲಿ ಪಾರಸಿ ಅಕ್ಷರಗಳ ಒರಟು ಬಿಲ್ಲೆಯೊಂದಿದ್ದರೆ, "ಯಾವುದೋ ದಿಲ್ಲಿಯ ದುಡ್ಡು" ಎಂಬ ಮಾತಿಗೆ ಗುರಿಯಾಗಿ, ಅಕ್ಕಸಾಲಿಗನ ಮೂಸೆಯನ್ನು ಸೇರಿ, ಕುಂಕುಮದ ಬಟ್ಟಲಾಗಿ ಹಿಂದಿರುಗುತ್ತದೆ. ಈ ವಿವೇಚನೆ ಪೂರ್ತಿಯಾಗಿ ತಲೆಕೆಳಗಾದುದೆಂಬುದೇ ನನ್ನ ವಾದ.

1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರವರ ಬೆಳ್ಳಿಯ ರೂಪಾಯಿಯ ಮೇಲೆ ಮೊಗಲ್ ಬಾದಶಹ ಷಾ ಆಲಮನ ಹೆಸರಿದೆ. ಅದರೊಡನೆ ಮೈಸೂರಿನ ಟಂಕಸಾಲೆಯ ಹೆಸರೂ ಇದೆ. 1833ರಲ್ಲಿ ಆ ಟಂಕಸಾಲೆ ನಮ್ಮ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು.

"ದಿಲ್ಲಿಯ ಹೆಸರಿರುವ ನಾಣ್ಯ ಮೈಸೂರಿನದು ಹೇಗಾದೀತು?" ಎಂದು ಕೆಲವರು ಕೇಳುತ್ತಾರೆ. ಹಾಗಾದರೆ ಈಸ್ಟ್ ಇಂಡಿಯಾ ಕಂಪನಿಯವರು 1835ರವರೆಗೆ ಬಂಗಾಳದಲ್ಲಿ ಅದೇ ಷಾ ಆಲಮನ ಹೆಸರಿನಲ್ಲಿ ಹೊಡೆಯಿಸಿದ ರೂಪಾಯಿ ಕಂಪನಿಯದಲ್ಲವೆ? ಷಾ ಆಲಮನು ತೀರಿಕೊಂಡದ್ದು 1806ರಲ್ಲಿ. ನಾಣ್ಯಗಳ ಮೇಲೆ ಅವನ ಹೆಸರು ಮಾತ್ರ ಉಳಿಯಿತು. ಪೇಟೆಯ ಸರಾಫನಿಗೆ ಪರಿಚಿತವಾದ ಮುದ್ರೆ ಬೇಕಾಗಿತ್ತು. ಆ ಹೆಸರು ವ್ಯಾಪಾರದ ನಂಬಿಕೆಗೆ ಆಧಾರವೇ ಹೊರತು ದಿಲ್ಲಿಗೆ ಬರೆದುಕೊಟ್ಟ ದಾಸ್ಯಪತ್ರವಲ್ಲ. ಟಿಪ್ಪು ಸುಲ್ತಾನನು ಬಾದಶಹನ ಹೆಸರನ್ನು ಬಿಟ್ಟು ತನ್ನ ರೂಪಾಯಿಗೆ 'ಇಮಾಮಿ' ಎಂದು ಹೆಸರಿಟ್ಟದ್ದು ನಿಜ. ಅದು ಆತನ ಛಲಕ್ಕೆ ಸಾಕ್ಷಿ. ಆದರೆ ಆ ಛಲ ತೋರದ ನಾಣ್ಯವೆಲ್ಲ ಪರಕೀಯವೆನ್ನುವುದು ತರ್ಕವಲ್ಲ.

ಕೃಷ್ಣರಾಜ ಒಡೆಯರವರೂ ಕಂಪನಿಯ ಒಪ್ಪಂದಕ್ಕೆ ಕಟ್ಟುಬಿದ್ದವರೇ. ಆದರೂ ನಾಣ್ಯ ಹೊಡೆಯಿಸುವ ಅಧಿಕಾರ ಅವರಿಗಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1881ರಲ್ಲಿ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವನ್ನು ಒಪ್ಪಿಸಿದಾಗ, ನಿಂತುಹೋಗಿದ್ದ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಆರಂಭಿಸಕೂಡದೆಂದು ಪತ್ರದಲ್ಲಿಯೇ ವಿಧಿಸಿದರು. ನೆರೆಯ ಹೈದರಾಬಾದಿನಲ್ಲಿ ನಿಜಾಮರ ಸಿಕ್ಕಾ ನಡೆಯುತ್ತಲೇ ಇತ್ತು. ನಮ್ಮ ಚಾಮರಾಜಪೇಟೆಗೆ ಹೆಸರು ಕೊಟ್ಟ ಪ್ರಭುವಿಗೆ ಮಾತ್ರ ತನ್ನ ಹೆಸರಿನ ಒಂದು ಬೆಳ್ಳಿಯ ಬಿಲ್ಲೆಯನ್ನು ಹೊಡೆಯಿಸುವ ಹಕ್ಕಿರಲಿಲ್ಲ. ಪರಾಧೀನತೆಯ ಗುರುತು ಬೇಕೆಂದಾದರೆ ಅದು ರಾಣಿಯ ಮುಖದ ರೂಪಾಯಿಯಲ್ಲಿದೆ, ಪಾರಸಿ ಬಿಲ್ಲೆಯಲ್ಲಲ್ಲ.

ರಾಣಿಯ ರೂಪಾಯಿಯನ್ನು ಪೂಜಿಸಬೇಡಿರೆಂದು ನಾನು ಹೇಳುತ್ತಿಲ್ಲ. ಲಕ್ಷ್ಮಿಗೆ ಯಾವ ಬೆಳ್ಳಿಯಾದರೂ ಸಲ್ಲುತ್ತದೆ. ಆದರೆ ಮೈಸೂರಿನ ರೂಪಾಯಿಯನ್ನು ಕರಗಿಸುವುದು ಸಲ್ಲದು. ಹುಣಿಸೆಹಣ್ಣು ಹಾಕಿ ಉಜ್ಜಿ ಅದರ ಅಕ್ಷರ ಸವೆಸುವುದೂ ಸಲ್ಲದು. ತೂಗಿ, ಎರಡು ಮಗ್ಗುಲ ಚಿತ್ರ ತೆಗೆದು, ಪಾರಸಿ ಬಲ್ಲವರಿಂದ ಓದಿಸಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಬಟ್ಟಲು ಪೇಟೆಯಲ್ಲಿ ಎಷ್ಟು ಬೇಕಾದರೂ ದೊರೆಯುತ್ತದೆ. ಈ ನಾಣ್ಯವನ್ನು ಹೊಡೆದ ಟಂಕಸಾಲೆ ಮುಚ್ಚಿ ಒಂದೂಮುಕ್ಕಾಲು ಶತಮಾನ ಕಳೆದಿದೆ.