ಮಂಡಿಯೂರಿದ ಚಿತ್ರ ಸೋಲಿನ ಸಾಕ್ಷಿಯಲ್ಲ

ರೋಮನ್ ನಾಣ್ಯದ ಮೇಲೆ ಪರದೇಶಿಯೊಬ್ಬ ಮಂಡಿಯೂರಿದ್ದರೆ ಸಾಕು, ಆ ದೇಶ ರೋಮ್‌ನ ಕತ್ತಿಗೆ ಸೋತು ಶರಣಾಗಿತ್ತೆಂದು ವಾದಿಸುವವರಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯ ವಾದ: ನಾಣ್ಯ ಸಮಕಾಲೀನ, ಅಧಿಕೃತ, ಆದ್ದರಿಂದ ನಂಬಲರ್ಹ. ರೋಮನ್ ಚಕ್ರವರ್ತಿ ಆಗಸ್ಟಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ನೋಡಿ: ಪಾರ್ಥಿಯದವನೊಬ್ಬ ಮೊಣಕಾಲೂರಿ ಸೇನಾಧ್ವಜ ಒಪ್ಪಿಸುತ್ತಿದ್ದಾನೆ. ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಪಾರ್ಥಿಯದೆದುರು ಕಳೆದುಕೊಂಡ ಆ ಧ್ವಜಗಳು ಕ್ರಿ.ಪೂ. 20ರಲ್ಲಿ ಮರಳಿದ್ದು ಸಂಧಾನದಿಂದ. ಅದಕ್ಕಾಗಿ ಪಾರ್ಥಿಯದೊಡನೆ ಯುದ್ಧವೇ ನಡೆಯಲಿಲ್ಲ. ಅದರ ದೊರೆ ನಾಲ್ಕನೆಯ ಫ್ರಾಟೀಸ್ ಸಿಂಹಾಸನದಿಂದ ಇಳಿಯಲೂ ಇಲ್ಲ. ಅಧಿಕೃತ ಮುದ್ರೆ ನಾಣ್ಯದ ಬೆಳ್ಳಿಗೆ ಹೊಣೆಯಾಗಬಹುದು, ಚಿತ್ರದ ಸತ್ಯಕ್ಕಲ್ಲ.

ಎರಡನೆಯ ವಾದ: ಚಿತ್ರ ಬಿಡಿ, ಆಗಸ್ಟಸ್‌ನ ನಾಣ್ಯಗಳ ಮೇಲೆ ಬರಹವಿದೆಯಲ್ಲ, 'ಅರ್ಮೇನಿಯ ವಶವಾಯಿತು' ಎಂದು! ಆಗಸ್ಟಸ್ ಕಳಿಸಿದ ಟೈಬೀರಿಯಸ್ ಬರುವ ಮೊದಲೇ ಅರ್ಮೇನಿಯದವರು ತಮ್ಮ ದೊರೆಯನ್ನು ಕೊಂದಿದ್ದರೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಅರ್ಮೇನಿಯವನ್ನು ರೋಮ್‌ನ ಪ್ರಾಂತ್ಯವಾಗಿಸಬಹುದಾಗಿದ್ದರೂ ಹೊಸ ದೊರೆ ಟೈಗ್ರೇನೀಸನಿಗೆ ಒಪ್ಪಿಸಿದೆನೆಂದು ಆಗಸ್ಟಸನೇ ತನ್ನ ಸಾಧನೆಗಳ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಾಣ್ಯವನ್ನು ಎತ್ತಿ ಹಿಡಿಯುವವರು ಈ ಶಾಸನದ ಬಗ್ಗೆ ಮಾತೇ ಆಡುವುದಿಲ್ಲ.

ಮೂರನೆಯ ವಾದ: ಯೂದಾಯ ನಿಜವಾಗಿಯೂ ಸೋತಿತ್ತಲ್ಲವೇ? ಸೋತಿತ್ತು. ಕ್ರಿ.ಶ. 70ರಲ್ಲಿ ಜೆರುಸಲೇಮ್ ನಾಶವಾಯಿತು. ಖರ್ಜೂರದ ಮರದಡಿ ಅಳುವ ಹೆಣ್ಣನ್ನು ಚಕ್ರವರ್ತಿ ವೆಸ್ಪೇಸಿಯನ್ ನಾಣ್ಯಕ್ಕೇರಿಸಿದ. ಆದರೆ ಆ ಸೋಲನ್ನು ರುಜುವಾತುಪಡಿಸುವುದು ಇತಿಹಾಸಕಾರ ಜೋಸೆಫಸ್‌ನ ಬರಹ ಮತ್ತು ಸುಟ್ಟ ನಗರದ ಅವಶೇಷ. ಹೊರಗಿನ ಸಾಕ್ಷ್ಯದಿಂದ ನಾಣ್ಯವನ್ನು ಸಮರ್ಥಿಸಿಕೊಳ್ಳುವವರು ನಾಣ್ಯವೊಂದೇ ಸಾಲದೆಂದು ಒಪ್ಪಿದಂತಾಯಿತು.

ನಾಲ್ಕನೆಯ ವಾದ: ಜನರ ಕೈಯಲ್ಲಿ ಓಡಾಡುವ ವಸ್ತುವಿನ ಮೇಲೆ ಸುಳ್ಳು ನಿಲ್ಲದು. ಹಾಗಾದರೆ ಇದನ್ನು ನೋಡಿ: ಕ್ರಿ.ಪೂ. 58ರಲ್ಲಿ ರೋಮನ್ ಅಧಿಕಾರಿ ಸ್ಕಾರಸ್ ಅಚ್ಚು ಹಾಕಿಸಿದ ನಾಣ್ಯದಲ್ಲಿ ನಬಾಟಿಯದ ದೊರೆ ಅರೆಟಾಸ್ ಒಂಟೆಯ ಪಕ್ಕದಲ್ಲಿ ಮಂಡಿಯೂರಿದ್ದಾನೆ. ನಡೆದದ್ದೇನು? ಅರೆಟಾಸ್ 300 ಟ್ಯಾಲೆಂಟ್ ಕೊಟ್ಟ, ಸ್ಕಾರಸ್ ನಬಾಟಿಯದ ಮೇಲಿನ ದಂಡಯಾತ್ರೆ ನಿಲ್ಲಿಸಿದ. ರಾಜ್ಯ ಅರೆಟಾಸನಲ್ಲೇ ಉಳಿಯಿತು. ಹೀಗಿದ್ದೂ ನಾಣ್ಯ ಚಲಾವಣೆಯಾಯಿತು. ಅದರ ಬೆಳ್ಳಿಯನ್ನು ಖರ್ಚು ಮಾಡಲು ನಬಾಟಿಯದ ಸುದ್ದಿ ಯಾರಿಗೂ ಬೇಕಿರಲಿಲ್ಲ.

ಕೊನೆಯ ವಾದ: ವಿಜೇತರಷ್ಟೇ ಇಂಥ ಚಿತ್ರ ಮಾಡಿಸುತ್ತಾರೆ. ಹಾಗಾದರೆ ಪರ್ಷಿಯದ ನಕ್ಷ್-ಎ-ರುಸ್ತಮ್‌ಗೆ ಬನ್ನಿ. ಅಲ್ಲಿನ ಬಂಡೆಯ ಕೆತ್ತನೆಯಲ್ಲಿ ಪರ್ಷಿಯದ ದೊರೆ ಶಾಪುರನ ಕುದುರೆಯೆದುರು ಮಂಡಿಯೂರಿರುವವನು ರೋಮನ್ ಚಕ್ರವರ್ತಿ. ಅವನನ್ನು ಸಾಮಾನ್ಯವಾಗಿ ಫಿಲಿಪ್ ಎಂದು ಗುರುತಿಸಲಾಗುತ್ತದೆ. ಅದೇ ಫಿಲಿಪ್‌ನ ನಾಣ್ಯ ಪರ್ಷಿಯನ್ನರೊಡನೆ ಶಾಂತಿ ನೆಲೆಗೊಳಿಸಿದ್ದಾಗಿ ಸಾರುತ್ತದೆ. ಆದರೆ ಶಾಪುರನ ಶಾಸನ ಫಿಲಿಪ್ 5,00,000 ದಿನಾರ್ ತೆತ್ತನೆನ್ನುತ್ತದೆ. ಎದುರಾಳಿಗಳ ಸೂತ್ರ ನಿಜವಾದರೆ ಬಂಡೆಯನ್ನೂ ನಾಣ್ಯದಷ್ಟೇ ನಂಬಬೇಕು. ಬಂಡೆಯನ್ನು ಪ್ರಚಾರವೆಂದು ತಳ್ಳಿಹಾಕಿದರೆ ನಾಣ್ಯಕ್ಕೂ ಅದೇ ತೀರ್ಪು ಅನ್ವಯಿಸಬೇಕು. ರೋಮ್‌ಗೊಂದು, ಪರ್ಷಿಯಕ್ಕೊಂದು ಅಳತೆಗೋಲು ಇಟ್ಟುಕೊಂಡವರು ಇತಿಹಾಸ ಬರೆಯುತ್ತಿಲ್ಲ, ರೋಮ್‌ನ ವಕಾಲತ್ತು ವಹಿಸುತ್ತಿದ್ದಾರೆ.