ಹೆಸರಿಲ್ಲದ ಭಾವಚಿತ್ರ

ಹಳೆಯ ರೀತಿಯಿಂದ ಭಾವಚಿತ್ರ ತೆಗೆಸಿಕೊಳ್ಳುವ ಹವ್ಯಾಸವು ಇತ್ತಿತ್ತಲಾಗಿ ದೊಡ್ಡ ಪಟ್ಟಣಗಳಲ್ಲಿ ಮರಳಿ ತಲೆಯೆತ್ತಿರುವುದು. ಟಿನ್‌ಟೈಪ್ ಎಂಬುದು ಅಂತಹ ರೀತಿಗಳಲ್ಲೊಂದು. ಹೆಸರಿನಲ್ಲಿ ತವರವುಂಟು, ವಸ್ತುವಿನಲ್ಲಿಲ್ಲ. ಕಪ್ಪು ಮೆರುಗು ಬಳಿದ ಕಬ್ಬಿಣದ ತೆಳುತಗಡೇ ಅದರ ಮೂಲ ಆಧಾರವು. 1851ರಲ್ಲಿ ಆಂಗ್ಲದೇಶದ ಫ್ರೆಡರಿಕ್ ಸ್ಕಾಟ್ ಆರ್ಚರನು ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದನು. 1853ರಲ್ಲಿ ಫ್ರಾನ್ಸಿನ ಅಡಾಲ್ಫ್ ಮಾರ್ಟಿನನು ಅದನ್ನು ಲೋಹದ ತಗಡಿಗೆ ಅಳವಡಿಸುವ ಮಾರ್ಗವನ್ನು ವಿವರಿಸಿದನು. 1856ರಲ್ಲಿ ಅಮೇರಿಕದ ಹ್ಯಾಮಿಲ್ಟನ್ ಸ್ಮಿಥನು ಅದಕ್ಕೆ ಸನ್ನದು ಪಡೆದನು. ತಗಡಿನ ಮೇಲೆ ಕೊಲೋಡಿಯನ್ನೆಂಬ ಅಂಟುದ್ರವವನ್ನು ಹರಡಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಿರುವಾಗಲೇ ಕ್ಯಾಮೆರಾದಲ್ಲಿಟ್ಟು, ಒಣಗುವ ಮುನ್ನವೇ ಚಿತ್ರವನ್ನು ಮೂಡಿಸಬೇಕು. ಕುಳಿತವನು ಅಷ್ಟು ಹೊತ್ತು ಅಲುಗಬಾರದು.

ಈ ರೀತಿಯ ಅಭಿಮಾನಿಗಳ ವಾದವನ್ನು ಮೊದಲು ಕೇಳತಕ್ಕದ್ದು. ಇಂದಿನ ಕೈಯಂತ್ರಗಳು ದಿನಕ್ಕೆ ನೂರು ಚಿತ್ರ ಹೆರುತ್ತವೆ. ಅವುಗಳಲ್ಲೊಂದನ್ನೂ ಯಾರೂ ಎರಡನೆಯ ಸಲ ನೋಡರು. ತಗಡಿನ ಚಿತ್ರವಾದರೋ ಒಂದೇ ಒಂದು. ಬೆಳಕು ತಾನೇ ಬರೆದದ್ದಾದುದರಿಂದ ಅದು ಸುಳ್ಳಾಡದು. ಆದುದರಿಂದ ಅದೇ ಸತ್ಯವಾದ ಭಾವಚಿತ್ರವು. ಇದು ಪೂರ್ವಪಕ್ಷ. ಮೊದಲಿನ ಮಾತುಗಳನ್ನು ಒಪ್ಪಬಹುದು, ಕಡೆಯದು ನಿಲ್ಲಲಾರದು.

ಏಕೆಂದರೆ ಈ ಚಿತ್ರವು ಕನ್ನಡಿಯ ಪ್ರತಿಬಿಂಬದಂತೆ ತಿರುವುಮುರುವು. ಎಡ ಹೆಗಲಿನ ಜನಿವಾರವು ಬಲ ಹೆಗಲಿನ ಮೇಲೆ ಕಾಣುವುದು. ಉಪವೀತಿಯಾಗಿ ಕುಳಿತವನು ಪ್ರಾಚೀನಾವೀತಿಯಾಗಿ, ಪಿತೃಕರ್ಮಕ್ಕೆ ಸಿದ್ಧನಾದವನಂತೆ ಹೊರಬೀಳುವನು! ಇದಲ್ಲದೆ ಆ ರಸವು ನೀಲಿಯ ಬೆಳಕನ್ನು ಬಲ್ಲದು, ಕೆಂಪು ಹಳದಿಗಳನ್ನು ಅರಿಯದು. ಹಣೆಯ ಕುಂಕುಮವು ಕಪ್ಪಾಗುವುದು, ಅರಿಸಿನ ಹಚ್ಚಿದ ಕೆನ್ನೆ ಕಂದುವುದು, ತಿಳಿನೀಲಿಯ ಸೀರೆ ಬೆಳ್ಳಗಾಗುವುದು. ಗೋದಿಬಣ್ಣದ ಮುಖವು ಇದ್ದುದಕ್ಕಿಂತ ಕಪ್ಪಾಗಿ ತೋರುವುದು. ಇದನ್ನೇ ಸತ್ಯವೆಂದು ಸಾಧಿಸುವುದು ಹೇಗೆ?

ನಾಮ ರೂಪಗಳೆರಡೂ ಕೂಡಿದಾಗ ಮನುಷ್ಯನ ಗುರುತು ನಿಲ್ಲುವುದು. ಕೇವಲ ರೂಪದ ಗತಿ ಏನಾಗುವುದೆಂಬುದಕ್ಕೆ ಅಮೇರಿಕವೇ ಸಾಕ್ಷಿ. ಅಲ್ಲಿಯ 1861-65ರ ಅಂತರ್ಯುದ್ಧದ ಸಾವಿರಾರು ಸೈನಿಕರು ಮನೆಯವರಿಗಾಗಿ ಇಂತಹ ಚಿತ್ರಗಳನ್ನು ತೆಗೆಸಿದರು. ಆ ದೇಶದ ರಾಷ್ಟ್ರೀಯ ಗ್ರಂಥಾಲಯಕ್ಕೆ 2010ರಲ್ಲಿ ದಾನವಾಗಿ ಬಂದ ಆ ಕಾಲದ ಭಾವಚಿತ್ರಗಳಲ್ಲಿ ಬಹುಪಾಲಿನ ಮುಂದೆ 'ಗುರುತಿಲ್ಲದ ಸೈನಿಕ' ಎಂದಷ್ಟೇ ಬರೆಯಬೇಕಾಯಿತು. ಕಣ್ಣು ರೆಪ್ಪೆ ಸ್ಪಷ್ಟವಾಗಿವೆ, ಮನುಷ್ಯನು ಕಳೆದುಹೋಗಿದ್ದಾನೆ.

ನಮ್ಮ ದೇಶದ ಕಥೆ ಇನ್ನಷ್ಟು ಕಹಿಯಾದುದು. 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥದಲ್ಲಿ ಬಹುಮಂದಿಯ ಚಿತ್ರದ ಕೆಳಗೆ ಜಾತಿ ಪಂಗಡಗಳ ಹೆಸರುಂಟು, ಕುಳಿತವನ ಹೆಸರಿಲ್ಲ. ಆಳುವವರಿಗೆ ಆ ಹೆಸರು ಬೇಕಿರಲಿಲ್ಲವೆನ್ನೋಣ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳೆಯ ವಾಡೆಗಳಲ್ಲಿ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳ ಪಡಸಾಲೆಗಳಲ್ಲಿ ತೂಗುವ ತಸಬೀರುಗಳ ಹಿಂದೆ ಹೆಸರು ಬರೆಯದಂತೆ ತಡೆದವರಾರು? ಪಟಕಾ ಸುತ್ತಿದ ಹಿರಿಯರು ಯಾರೆಂದು ಕೇಳಿದರೆ 'ನಮ್ಮ ಪೈಕಿ ಯಾರೋ' ಎಂಬ ಉತ್ತರ ಬರುವುದು.

'ಮನೆಯವರಿಗೆಲ್ಲ ಗೊತ್ತೇ ಇದೆ, ಬರೆಯುವುದೇಕೆ?' ಎಂಬ ಆಕ್ಷೇಪವುಂಟು. ಶ್ರಾದ್ಧದಲ್ಲಿಯೂ ಹೆಸರು ಹಿಡಿದು ಕರೆಯುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗಳನ್ನೇ. 1839ರಲ್ಲಿ ಲೋಕಕ್ಕೆ ತಿಳಿದುಬಂದ ಛಾಯಾಚಿತ್ರಕಲೆಗೆ ಅದಕ್ಕಿಂತ ಹೆಚ್ಚು ತಲೆಮಾರುಗಳು ಸಂದಿವೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಮದುವೆಯಲ್ಲಿ ಹೆಸರನ್ನೇ ಬದಲಿಸುವ ರೂಢಿಯುಳ್ಳ ಮನೆಗಳಲ್ಲಿ ತವರಿನವರು ಬಲ್ಲ ಹೆಸರು ಒಂದು, ಗಂಡನ ಮನೆಯವರು ಬಲ್ಲದ್ದು ಇನ್ನೊಂದು. ಕಡೆಗೆ ಎರಡೂ ಉಳಿಯುವುದಿಲ್ಲ. ಮೇಲಾಗಿ ಇದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆ. 2005ರಲ್ಲಿಯೂ 2019ರಲ್ಲಿಯೂ ಪ್ರವಾಹದ ನೀರು ದಂಡೆಯ ಊರುಗಳ ಮನೆಗಳನ್ನು ಹೊಕ್ಕಿತು. ನೀರು ಕಾಗದವನ್ನು ಕೊಳೆಯಿಸುವುದು, ಕಬ್ಬಿಣದ ತಗಡಿಗೆ ತುಕ್ಕು ಹಿಡಿಸುವುದು.

ಆದುದರಿಂದ ಹಳೆಯ ರೀತಿಯ ಚಿತ್ರ ತೆಗೆಸುವ ಆಸೆಯುಳ್ಳವರು ತೆಗೆಸಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಹೊಸ ತಗಡಿಗೆ ಹಣ ತೆರುವ ಮುನ್ನ ಮನೆಯ ಹಳೆಯ ಚಿತ್ರಗಳನ್ನು ಗೋಡೆಯಿಂದಿಳಿಸಿ ಮನೆಯ ಹಿರಿಯರ ಮುಂದಿಡತಕ್ಕದ್ದು. ಕಾಗದದ ಚಿತ್ರದ ಬೆನ್ನಿಗೆ, ಅಂಚಿನಲ್ಲಿ, ಮೃದುವಾದ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷಗಳನ್ನು ಬರೆಯಬೇಕು. ಹೆಂಗಸರಾದರೆ ಎರಡು ಹೆಸರುಗಳನ್ನೂ ಬರೆಯಬೇಕು. ಗಾಜು ತಗಡುಗಳನ್ನು ಒದ್ದೆಬಟ್ಟೆಯಿಂದ ಒರೆಸದೆ ಲಕೋಟೆಯಲ್ಲಿಡಬೇಕು. ಬರವಣಿಗೆಯು ಲಕೋಟೆಯ ಮೇಲಿರಲಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಇನ್ನೂ ಮನೆಯಲ್ಲಿದ್ದರೆ ಆ ಮಧ್ಯಾಹ್ನವನ್ನು ಮುಂದಿನ ವರ್ಷಕ್ಕೆ ಹಾಕಲಾಗದು.